ಗುಂಡು ಬಿಟ್ಟು ನೋಡು



ನನ್ನ ಮುಂದಿನ ಮೇಜಿನ ಮೇಲೆ ನಾಲ್ಕು ಇಟ್ಟಿಗೆ ಇವೆ. ಚೀಲದಲ್ಲಿ ಇಟ್ಟಿಗೆ ಹೊತ್ತುಕೊಂಡು ಸ್ಟುಡಿಯೋಕ್ಕೆ ಬರುವವರು ಕಡಿಮೆ. ಬಾಗಿಲಲ್ಲಿದ್ದವರು ಚೀಲವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಬಿಟ್ಟರು. ತಂದದ್ದು ನಿಮಗೊಂದು ಸದ್ದು ಕೇಳಿಸಲಿಕ್ಕೆ. ಈಗ ಎರಡು ಇಟ್ಟಿಗೆ ತೆಗೆದುಕೊಂಡು ಒಂದಕ್ಕೊಂದು ತಟ್ಟುತ್ತೇನೆ. ಕೇಳಿಸಿತೇ? ಟಣ್ ಎಂದಿತು. ಗುಡಿಯ ಗಂಟೆಯಷ್ಟಲ್ಲ, ಆದರೂ ಲೋಹದ ನೆಂಟಸ್ತಿಕೆ ಇರುವ ಸದ್ದು. ಈಗ ಉಳಿದೆರಡು. ದಪ್. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ. ಮೊದಲಿನವು ಹದವಾಗಿ ಬೆಂದವು. ಆಮೇಲಿನವು ಗೂಡಿನ ಅಂಚಿನಲ್ಲಿದ್ದು ಅರೆಬೆಂದವು.

ಈ ವ್ಯತ್ಯಾಸ ತಿಳಿಯಲು ನಿಮಗೆ ಪುಸ್ತಕ ಬೇಕಾಗಲಿಲ್ಲ. ಇದು ಸರಿ, ಇದು ತಪ್ಪು ಎಂದು ನಾನು ಕೆಂಪು ಶಾಯಿಯಲ್ಲಿ ಬರೆಯಬೇಕಾಗಲಿಲ್ಲ. ಇಟ್ಟಿಗೆಯೇ ಹೇಳಿತು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಹೈಸ್ಕೂಲಿನ ಮಕ್ಕಳು ಕಟ್ಟಡದ ಕೆಲಸ ಕಲಿತರೆ ಅವರಿಗೆ ಸಿಗುವುದೇನು? ಸಂಬಳದ ಮಾತು ಆಮೇಲೆ. ಮೊದಲು ಸಿಗುವುದು, ತನ್ನ ತಪ್ಪನ್ನು ತಾನೇ ಹಿಡಿಯುವ ಅಭ್ಯಾಸ. ನಮ್ಮ ಶಾಲೆಗಳಲ್ಲಿ ಬಹಳ ಅಪರೂಪವಾಗಿರುವ ವಸ್ತು ಅದು.

ನಾನು ಮೂವತ್ತು ವರ್ಷ ಬಯಲುಸೀಮೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ನನ್ನಪ್ಪ ಗಾರೆ ಕೆಲಸದವರು. ಧಾರವಾಡ, ಬೆಳಗಾವಿ ಕಡೆಯ ಕೇಳುಗರು ಗೌಂಡಿ ಎನ್ನುತ್ತೀರಿ. ಕರಾವಳಿಯವರು ಮೇಸ್ತ್ರಿ ಎನ್ನುತ್ತೀರಿ. ಹೆಸರು ಯಾವುದಾದರೂ ಕೈಯಲ್ಲಿರುವುದು ಅದೇ ಕರಣೆ, ಅದೇ ಗುಂಡು. ಅಪ್ಪ ನನಗೆ ಒಂದೇ ಮಾತು ಹೇಳುತ್ತಿದ್ದರು, 'ಮಗಾ, ನಿನ್ನ ಕೈಗೆ ಕರಣೆ ಬರಬಾರದು.' ನನಗೆ ಪೆನ್ನು ಕೊಡಿಸಲಿಕ್ಕೆಂದೇ ಅವರು ಬಿಸಿಲಲ್ಲಿ ನಿಂತದ್ದು. ಹಾಗಾಗಿ ನಾನು ಕರಣೆ ಹಿಡಿದದ್ದು ಐವತ್ತು ದಾಟಿದ ಮೇಲೆ, ನನ್ನ ವಿದ್ಯಾರ್ಥಿಗಳ ಜೊತೆಗೆ.

ಅದು ನಡೆದ ಬಗೆ ಹೇಳುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಘನಫಲದ ಲೆಕ್ಕ ನಡೆಯುತ್ತಿತ್ತು. 'ಒಂದು ಗೋಡೆಗೆ ಎಷ್ಟು ಇಟ್ಟಿಗೆ ಬೇಕು' ಎಂಬ ಹಳೆಯ ಲೆಕ್ಕ ನಿಮಗೆಲ್ಲ ನೆನಪಿರಬಹುದು. ಮಾನಕ ಇಟ್ಟಿಗೆ 19 ಸೆಂಟಿಮೀಟರ್ ಉದ್ದ, 9 ಅಗಲ, 9 ದಪ್ಪ. ಸುತ್ತ ಒಂದು ಸೆಂಟಿಮೀಟರ್ ಗಾರೆ ಸೇರಿದರೆ 20, 10, 10. ಒಂದು ಘನಮೀಟರ್ ಗೋಡೆಗೆ 500 ಇಟ್ಟಿಗೆ. ಉತ್ತರ ಸಲೀಸು, ಪೂರ್ತಿ ಅಂಕ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. 'ಸಾರ್, ನಮ್ಮಪ್ಪ ಈ ಲೆಕ್ಕ ನಂಬಿ ಇಟ್ಟಿಗೆ ತರಿಸಿದ್ರೆ ಸಾಲಲ್ಲ ಸಾರ್' ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ. ಅವನ ಅಪ್ಪ ಮೇಸ್ತ್ರಿ ಎಂದು ನನಗೆ ಗೊತ್ತಿತ್ತು. ನನ್ನಪ್ಪನೂ ಅದನ್ನೇ ಹೇಳುತ್ತಿದ್ದರು.

ಮರುದಿನ ಊರ ಹೊರಗಿನ ಗೂಡಿನಿಂದ ಹತ್ತು ಇಟ್ಟಿಗೆ ತರಿಸಿ ಅಳೆದೆವು. ಒಂದೂ ಪುಸ್ತಕದ ಅಳತೆಗೆ ಬರಲಿಲ್ಲ. ಅದಿರಲಿ, ಒಂದಕ್ಕೊಂದೂ ಸರಿಹೋಗಲಿಲ್ಲ. ಒಂದರ ಮೈ ಸೊಟ್ಟ. ಒಂದರ ಮೂಲೆ ಮುರಿದಿದೆ. ಮೂರು ಇಟ್ಟಿಗೆ ಒಂದು ಬೆರಳು ಉದ್ದ ಹೆಚ್ಚು. ಗಾಡಿಯಿಂದ ಇಳಿಸುವಾಗ ಒಡೆಯುವುದೆಷ್ಟು, ಮೂಲೆಗೆ ಕೂರಿಸಲು ಕರಣೆಯಿಂದ ಹೊಡೆದು ತುಂಡು ಮಾಡುವುದೆಷ್ಟು? ಪುಸ್ತಕದಲ್ಲಿ ಇದ್ಯಾವುದೂ ಇರಲಿಲ್ಲ. ಆ ದಿನ ನಿರ್ಧರಿಸಿದೆ. ಗೋಡೆಯ ಲೆಕ್ಕ ಮಾಡುವವರು ಒಂದು ಗೋಡೆಯನ್ನಾದರೂ ಕಟ್ಟಬೇಕು.

ಊರಿನಲ್ಲಿ ಕೆಲಸ ಬಿಟ್ಟು ಕೂತಿದ್ದ ಹಿರಿಯ ಮೇಸ್ತ್ರಿಯೊಬ್ಬರನ್ನು ಕೇಳಿಕೊಂಡೆವು. ಮಕ್ಕಳು ಅವರನ್ನು ಮೇಸ್ತ್ರಿ ಅಜ್ಜ ಎಂದು ಕರೆದರು. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಎರಡು ಗಂಟೆ. ಶಾಲೆಯ ಹಿಂದಿನ ಅಂಗಳ. ಒಂದು ಮೀಟರ್ ಉದ್ದ, ಒಂದು ಮೀಟರ್ ಎತ್ತರ, ಒಂದು ಇಟ್ಟಿಗೆ ದಪ್ಪದ ಗೋಡೆ. ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ನೂರು ಇಟ್ಟಿಗೆ. ಸಿಮೆಂಟು ಹಾಕಲಿಲ್ಲ. ಜರಡಿ ಹಿಡಿದ ಮಣ್ಣನ್ನೇ ಕಲಸಿ ಗಾರೆ ಮಾಡಿದೆವು. ಯಾಕೆ ಗೊತ್ತೇ? ಕಟ್ಟಿದ್ದನ್ನು ಬಿಚ್ಚಬೇಕಲ್ಲ! ಇಟ್ಟಿಗೆ ತೊಳೆದು ಮುಂದಿನ ವಾರ ಮತ್ತೆ ಕಟ್ಟಬೇಕು. ಗಾರೆ ಕೆಲಸದ ತರಬೇತಿಯಲ್ಲೂ ಕಲಿಯುವವರ ಗೋಡೆಯನ್ನು ಹೀಗೆ ಕಟ್ಟಿಸಿ ಬಿಚ್ಚಿಸುವುದುಂಟು. ಕಲಿಯುವ ಗೋಡೆಗೆ ಆಯುಸ್ಸು ಒಂದು ಸಂಜೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಪುಸ್ತಕದ ಗೋಡೆ ಬೇರೆ, ಅಂಗಳದ ಗೋಡೆ ಬೇರೆ. ಎರಡರ ನಡುವಿನ ಅಂತರವನ್ನು ಮಕ್ಕಳು ಕೈಯಿಂದ ಅಳೆಯಬೇಕು. ಈಗ ಆ ಅಳತೆಗೆ ಬರೋಣ. ಮೊದಲನೆಯದು ಮೂಲೆ.

ಮೂಲೆ ಮಟ್ಟವಾಗಿರಬೇಕು. ಅಂದರೆ ತೊಂಬತ್ತು ಡಿಗ್ರಿ. ನೋಟ್‌ಬುಕ್ಕಿನಲ್ಲಿ ಕೋನಮಾಪಕ ಇಟ್ಟು ಗುರುತು ಹಾಕಿದರೆ ಆಯಿತು. ಮೂವತ್ತು ಅಡಿ ಉದ್ದದ ಪಾಯಕ್ಕೆ ಆ ಪುಟ್ಟ ಪ್ಲಾಸ್ಟಿಕ್ ತುಂಡು ಏನು ಮಾಡೀತು? ಮೇಸ್ತ್ರಿ ಅಜ್ಜ ಮೂರು ಗೂಟ ಮತ್ತು ಒಂದು ಹುರಿ ತೆಗೆದರು. ಒಂದು ಗೂಟದಿಂದ ಒಂದು ಕಡೆಗೆ ಮೂರು ಅಡಿ, ಇನ್ನೊಂದು ಕಡೆಗೆ ನಾಲ್ಕು ಅಡಿ. ಎರಡು ತುದಿಗಳ ನಡುವೆ ಐದು ಅಡಿ ಬಂದರೆ ಮೂಲೆ ಸರಿ. ಬರದಿದ್ದರೆ ಗೂಟ ಸರಿಸು. 'ಮೂರು ನಾಲ್ಕು ಐದು, ಅಷ್ಟೇ' ಎಂದರು. ಮಕ್ಕಳು ನನ್ನ ಮುಖ ನೋಡಿದರು. ನಾನು ವಾರಗಟ್ಟಲೆ ಬೋರ್ಡಿನ ಮೇಲೆ ಬರೆದ ಪೈಥಾಗೊರಸ್ ಪ್ರಮೇಯ ಧೂಳಿನಲ್ಲಿ ಹುರಿಯಾಗಿ ಬಿದ್ದಿತ್ತು.

ಇಲ್ಲೊಂದು ಮಾತು ಸೇರಿಸಿಬಿಡುತ್ತೇನೆ. ಯಜ್ಞವೇದಿಕೆ ಕಟ್ಟುವ ಅಳತೆಗಳನ್ನು ಹೇಳುವ ಬಹು ಹಳೆಯ ಗ್ರಂಥಗಳಿಗೆ ಶುಲ್ಬಸೂತ್ರ ಎಂದು ಹೆಸರು. ಶುಲ್ಬ ಎಂದರೆ ಹಗ್ಗ. ಬೌಧಾಯನರ ಶುಲ್ಬಸೂತ್ರದಲ್ಲಿ ಆಯತದ ಕರ್ಣದ ಈ ನಿಯಮ ಇದೆ. ಅಲ್ಲೂ ಇಟ್ಟಿಗೆಯ ವೇದಿಕೆ, ಹಗ್ಗದ ಅಳತೆ. ರೇಖಾಗಣಿತದ ತವರುಮನೆಗಳಲ್ಲಿ ಕಟ್ಟಡದ ಅಂಗಳವೂ ಒಂದು. ತವರಿಗೆ ಹೋಗಬೇಡ ಎಂದು ನಾವು ಮಕ್ಕಳನ್ನು ತಡೆದದ್ದೇ ವಿಚಿತ್ರ.

ಒಂದು ತಂಡದ ಮೂಲೆ ಎಷ್ಟು ಸಲ ಮಾಡಿದರೂ ಕೂಡಲಿಲ್ಲ. ಅಳತೆ ಸರಿ, ಎಣಿಕೆ ಸರಿ. ಆದರೂ ಐದು ಅಡಿಯ ಕಡೆ ಒಮ್ಮೆ ಒಂದು ಬೆರಳು ಹೆಚ್ಚು, ಒಮ್ಮೆ ಒಂದು ಬೆರಳು ಕಡಿಮೆ. ಅರ್ಧ ಗಂಟೆ ಜಗಳವಾಡಿದರು. ಕಡೆಗೆ ಒಬ್ಬಳು ಹುಡುಗಿ ಹುರಿಯನ್ನು ಎಳೆದು ನೋಡಿದಳು. ಅದು ನೈಲಾನ್ ಹುರಿ, ಎಳೆದಷ್ಟೂ ಹಿಗ್ಗುತ್ತಿತ್ತು. ಒಬ್ಬ ಬಿಗಿಯಾಗಿ ಎಳೆದು ಅಳೆದಿದ್ದ, ಇನ್ನೊಬ್ಬ ಸಡಿಲ ಬಿಟ್ಟು ಅಳೆದಿದ್ದ. ನಾನು ಅಷ್ಟು ಹೊತ್ತೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮೇಷ್ಟ್ರಾದವನಿಗೆ ಅದು ಸುಲಭದ ಕೆಲಸವಲ್ಲ, ಬಿಡಿ.

ಮೂಲೆ ಆಯಿತು. ಮೂರು, ನಾಲ್ಕು, ಐದು. ಮುಂದಿನದು ನೆಟ್ಟಗೆ ಏರುವುದು. ಅದಕ್ಕೇ ಗುಂಡು.

ತೂಕದ ಗುಂಡು ಕಂಡವರಿಗೆ ಹೇಳಬೇಕಾಗಿಲ್ಲ. ಕಾಣದವರಿಗೆ ಹೇಳುತ್ತೇನೆ. ಮುಷ್ಟಿಯೊಳಗೆ ಹಿಡಿಯುವಷ್ಟು ದೊಡ್ಡ ಕಬ್ಬಿಣದ ಅಥವಾ ಹಿತ್ತಾಳೆಯ ಗುಂಡು. ಅದಕ್ಕೊಂದು ದಾರ. ದಾರ ಒಂದು ಚಿಕ್ಕ ಮರದ ತುಂಡಿನ ನಡುವಿನ ತೂತಿನಿಂದ ಹಾದು ಬರುತ್ತದೆ. ಜಾಣತನ ಇರುವುದು ಆ ತುಂಡಿನಲ್ಲಿ. ಅದರ ಅಗಲವೂ ಗುಂಡಿನ ದಪ್ಪವೂ ಒಂದೇ. ತುಂಡನ್ನು ಗೋಡೆಯ ನೆತ್ತಿಗೆ ಒತ್ತಿ ಹಿಡಿದು ಗುಂಡನ್ನು ಕೆಳಗೆ ಬಿಡಬೇಕು. ತೂಗಾಟ ನಿಂತ ಮೇಲೆ ಗುಂಡು ಗೋಡೆಯನ್ನು ಸೋಕಿಯೂ ಸೋಕದಂತೆ ನಿಂತರೆ ಗೋಡೆ ನೆಟ್ಟಗಿದೆ. ಗುಂಡು ದೂರ ನಿಂತರೆ ಗೋಡೆ ಮುಂದಕ್ಕೆ ವಾಲಿದೆ. ಗೋಡೆಗೆ ಒರಗಿ ದಾರ ಬಾಗಿದರೆ ಗೋಡೆ ಹಿಂದಕ್ಕೆ ಹೋಗಿದೆ. ಬ್ಯಾಟರಿ ಬೇಡ, ಪರದೆ ಬೇಡ. ಭೂಮಿಯೇ ಸೆಳೆದು ತೋರಿಸುತ್ತದೆ.

ಮೊದಲ ಶನಿವಾರ ಮಕ್ಕಳು ಉತ್ಸಾಹದಿಂದ ಆರು ವರಸೆ ಕಟ್ಟಿಬಿಟ್ಟರು. ವರಸೆ ಎಂದರೆ ಇಟ್ಟಿಗೆಯ ಒಂದು ಸಾಲು. ಕಣ್ಣಿಗೆ ಗೋಡೆ ಚೆನ್ನಾಗಿತ್ತು. 'ಸರಿ ಇದೆಯಾ ಅಜ್ಜ?' ಎಂದು ಒಬ್ಬ ಕೇಳಿದ. ಅಜ್ಜ ಬೀಡಿ ಹಚ್ಚಲು ಹೊರಟವರು ಶಾಲೆ ಎಂಬುದು ನೆನಪಾಗಿ ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, 'ನನ್ನನ್ಯಾಕ್ ಕೇಳ್ತೀಯೋ? ಗುಂಡು ಬಿಟ್ಟು ನೋಡು' ಎಂದರು. ಬಿಟ್ಟು ನೋಡಿದರೆ ಎರಡು ಬೆರಳು ವಾಲಿತ್ತು. ಒಬ್ಬರೂ ವಾದ ಮಾಡಲಿಲ್ಲ. ಪರೀಕ್ಷೆಯಲ್ಲಿ ಅರ್ಧ ಅಂಕಕ್ಕೆ ನನ್ನ ಜೊತೆ ಕಾದಾಡುವ ಮಕ್ಕಳು ಗುಂಡಿನ ಜೊತೆ ಕಾದಾಡಲಿಲ್ಲ. ತಾವೇ ಬಿಚ್ಚಿದರು. ಎರಡನೆಯ ಸಲ ಪ್ರತಿ ಎರಡು ವರಸೆಗೊಮ್ಮೆ ಗುಂಡು ಬಿಟ್ಟರು.

ನೆಟ್ಟಗೆ ಏರುವುದರ ಜೊತೆಗೇ ಮಟ್ಟಸವಾಗಿ ಸಾಗುವುದು. ಇದಕ್ಕೆ ನೀರು. ನಾಲ್ಕೈದು ಮೀಟರಿನ ಪಾರದರ್ಶಕ ಪೈಪು, ಒಳಗೆ ನೀರು. ಎರಡು ತುದಿ ಎಷ್ಟೇ ದೂರವಿರಲಿ, ನೀರಿನ ಮೇಲ್ಮೈ ಎರಡೂ ಕಡೆ ಒಂದೇ ಎತ್ತರ. ವಿಜ್ಞಾನದ ಪಾಠದಲ್ಲಿ ಓದಿದ್ದೇ. ಆದರೆ ಪೈಪಿನೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಮಟ್ಟ ಕೆಡುತ್ತದೆ. ಅದು ಪಾಠದಲ್ಲಿರಲಿಲ್ಲ. ಪೈಪನ್ನು ತಟ್ಟಿ ತಟ್ಟಿ ಗುಳ್ಳೆ ಹೊರಡಿಸುವುದನ್ನು ಮಕ್ಕಳು ಆಟದಂತೆ ಕಲಿತರು.

ಮೂಲೆಗೆ ಹುರಿ, ನೇರಕ್ಕೆ ಗುಂಡು, ಮಟ್ಟಕ್ಕೆ ನೀರು. ಮೂರೂ ಅಳತೆಯ ಮಾತು. ಇನ್ನು ಬೆರಕೆಯ ಮಾತು. ಅಡುಗೆಮನೆಯಲ್ಲಿ ಕೂತು ಕೇಳುತ್ತಿರುವ ತಾಯಂದಿರಿಗೆ ಇದು ಬೇಗ ಅರ್ಥವಾಗುತ್ತದೆ.

ಮೊದಲು ಮರಳು. ಒಂದು ಗಾಜಿನ ಬಾಟಲಿಯ ಅರ್ಧದವರೆಗೆ ಮರಳು ಹಾಕಿ. ಉಪ್ಪು ಬೆರೆಸಿದ ನೀರು ತುಂಬಿ, ಚೆನ್ನಾಗಿ ಕುಲುಕಿ, ಮೂರು ಗಂಟೆ ಅಲುಗಾಡಿಸದೆ ಇಡಿ. ಮರಳು ಕೆಳಗೆ ಕೂರುತ್ತದೆ. ಅದರ ಮೇಲೆ ಸಣ್ಣಗೆ ಗೋಡುಮಣ್ಣಿನ ಪದರ ಕೂರುತ್ತದೆ. ಆ ಪದರ ಮರಳಿನ ನೂರಕ್ಕೆ ಎಂಟು ಪಾಲಿಗಿಂತ ದಪ್ಪವಾಗಿದ್ದರೆ ಮರಳನ್ನು ತೊಳೆಯದೆ ಬಳಸಬಾರದು. ಈ ಪರೀಕ್ಷೆಗೆ ಖರ್ಚು ಒಂದು ಹಿಡಿ ಉಪ್ಪು. ನಮ್ಮ ಒಂಬತ್ತನೆಯ ತರಗತಿಯವರು ಇದನ್ನು ಕಲಿತ ಮೇಲೆ ಊರಿನಲ್ಲಿ ಯಾರ ಮನೆಮುಂದೆ ಮರಳು ಬಿದ್ದರೂ ಬಾಟಲಿ ಹಿಡಿದು ಹೋಗುತ್ತಿದ್ದರು. ಮರಳು ತಂದುಹಾಕುವವರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ.

ಆಮೇಲೆ ನೀರು. ಇದು ದೊಡ್ಡ ವಿಷಯ, ಸ್ವಲ್ಪ ನಿಂತು ಹೇಳುತ್ತೇನೆ. ಕಾಂಕ್ರೀಟಿಗೆ ಒಂದು ಚೀಲ ಸಿಮೆಂಟು ಎಂದರೆ 50 ಕಿಲೋ. ಅದಕ್ಕೆ ಸುಮಾರು 25 ಲೀಟರ್ ನೀರು ಸಾಕು. ಕೆಲಸ ನಡೆಯುವ ಕಡೆ ಹೋಗಿ ನೋಡಿ. ಬಾಂಡ್ಲಿಯಿಂದ ಸರಾಗವಾಗಿ ಜಾರಲಿ ಎಂದು ಕೊಡಗಟ್ಟಲೆ ಸುರಿಯುತ್ತಿರುತ್ತಾರೆ. ಹೆಚ್ಚಾದ ನೀರು ಆವಿಯಾಗಿ ಹೋಗುವಾಗ ಒಳಗೆ ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತದೆ. ಕಾಂಕ್ರೀಟು ಬಲ ಕಳೆದುಕೊಳ್ಳುತ್ತದೆ. ನೀರು ಮತ್ತು ಸಿಮೆಂಟಿನ ಪ್ರಮಾಣವೇ ಬಲವನ್ನು ತೀರ್ಮಾನಿಸುತ್ತದೆ ಎಂದು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿ ತೋರಿಸಿಕೊಟ್ಟರು. ನೂರು ವರ್ಷ ದಾಟಿತು. ಆ ಸುದ್ದಿ ನಮ್ಮ ಎಷ್ಟೋ ಬೀದಿಗಳಿಗೆ ಇನ್ನೂ ಬಂದಿಲ್ಲ. ದೋಸೆಹಿಟ್ಟು ನೀರಾದರೆ ಆ ಹೊತ್ತಿನ ದೋಸೆ ಕೆಡುತ್ತದೆ. ಚಾವಣಿಯ ಮೋಲ್ಡಿನ ಹಿಟ್ಟು ನೀರಾದರೆ ಅದರ ಕೆಳಗೆ ಮೂವತ್ತು ವರ್ಷ ಮಲಗಬೇಕು.

ಕಲಸಿ ಹಾಕಿದ ಮೇಲೆ ಮತ್ತೆ ನೀರು ಬೇಕು, ಹೊರಗಿನಿಂದ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ನಾನೂ ಹಾಗೇ ತಿಳಿದಿದ್ದೆ. ಅದು ತಿರುವುಮುರುವು. ಸಿಮೆಂಟು ನೀರಿನ ಜೊತೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕನಿಷ್ಠ ಏಳು ದಿನ, ಬಿಸಿಲು ಜೋರಿದ್ದರೆ ಹತ್ತು ದಿನ, ಗೋಣಿಚೀಲ ಹೊದಿಸಿ ನೀರು ಹೊಡೆಯುವುದು. ಎಂಜಿನಿಯರುಗಳು ಪೂರ್ತಿ ಬಲವನ್ನು ಲೆಕ್ಕ ಹಿಡಿಯುವುದು 28ನೆಯ ದಿನಕ್ಕೆ. ನಮ್ಮ ಮಕ್ಕಳು ಒಂದೇ ಬೆರಕೆಯಿಂದ ಎರಡು ಬಿಲ್ಲೆ ಮಾಡಿದರು. ಒಂದನ್ನು ಬಕೆಟ್ಟಿನ ನೀರಿನಲ್ಲಿ, ಒಂದನ್ನು ಬಿಸಿಲಿನ ಸಜ್ಜೆಯ ಮೇಲೆ ಇಟ್ಟರು. ನಾಲ್ಕು ವಾರದ ಮೇಲೆ ಮೊಳೆಯಿಂದ ಗೀಚಿದರು. ಬಿಸಿಲಿನದು ಪುಡಿ ಉದುರಿತು. ನೀರಿನದರ ಮೇಲೆ ಮೊಳೆ ಜಾರಿತು. ಆ ವರ್ಷ ರಸಾಯನಶಾಸ್ತ್ರದ ಮೇಷ್ಟ್ರು ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದರು.

ಅಳತೆ ಹೇಳಿದೆ, ಬೆರಕೆ ಹೇಳಿದೆ. ಪ್ರತಿಯೊಂದರಲ್ಲೂ ತಪ್ಪು ತಾನಾಗಿ ಬೆಳಕಿಗೆ ಬರುತ್ತದೆ. ಈಗ ಕೇಳುಗರು ಕೇಳಬಹುದು: ಇಷ್ಟು ಒಳ್ಳೆಯದಾದರೆ ಶಾಲೆಗಳಲ್ಲಿ ಯಾಕಿಲ್ಲ?

ಪ್ರಯತ್ನ ನಡೆದಿದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಸುತ್ತ ಶಿಕ್ಷಣ ಇರಬೇಕೆಂದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ಮಾಡಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಕಾರ್ಯಾನುಭವ ಎಂಬ ಮಾತು ಕೊಟ್ಟಿತು. ನನ್ನ ವಯಸ್ಸಿನವರಿಗೆ ಆ ಪೀರಿಯಡ್ಡು ನೆನಪಿದೆ. ನಾನು ಓದಿದ ಶಾಲೆಯಲ್ಲಿ ಕಾರ್ಯಾನುಭವ ಎಂದರೆ ಮೈದಾನದ ಕಲ್ಲು ಆರಿಸುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಊರಿನ ಬಡಗಿ, ಕುಂಬಾರರಂಥವರ ಬಳಿ ಕಲಿಯಲಿ ಎನ್ನುತ್ತದೆ. ಕಾಗದದ ಮೇಲೆ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ.

ನಮ್ಮ ರಾಜ್ಯದಲ್ಲಿ ಕಿರಿಯ ತಾಂತ್ರಿಕ ಶಾಲೆಗಳಿವೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯನ್ನು ಪೂರ್ತಿ ಓದಿದವರು ಅದರಲ್ಲಿ ಜೆಟಿಎಸ್ ಎಂಬ ಮೂರಕ್ಷರ, ಪಕ್ಕದಲ್ಲಿ ಎಂಜಿನಿಯರಿಂಗ್ ಗ್ರಾಫಿಕ್ಸ್ ಎಂಬ ವಿಷಯ ಕಂಡಿರಬಹುದು. ಅದು ಈ ಮಕ್ಕಳದು. ಸಾಮಾನ್ಯ ಹೈಸ್ಕೂಲುಗಳಲ್ಲೂ ಕೆಲವು ಕಡೆ ವೃತ್ತಿ ವಿಷಯಗಳು ಬಂದಿವೆ. ಆದರೆ ಕಂಪ್ಯೂಟರು, ವಾಹನ ರಿಪೇರಿ ಕಾಣುವಷ್ಟು ಸಲೀಸಾಗಿ ಕಟ್ಟಡ ಕಾಣುವುದಿಲ್ಲ. ಕಾರಣ ದುಡ್ಡಲ್ಲ. ನೂರು ಇಟ್ಟಿಗೆ ಒಂದು ಕಂಪ್ಯೂಟರಿಗಿಂತ ಅಗ್ಗ. ಕಾರಣ ನಮ್ಮ ತಲೆಯಲ್ಲಿದೆ.

ಆ ಕಾರಣವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ಹೇಳಿದರು, 'ಮೇಷ್ಟ್ರೇ, ಬಾಂಡ್ಲಿ ಹೊತ್ತು ನನ್ನ ನೆತ್ತಿ ಕೂದಲು ಸವೆದದೆ. ಮಗಳನ್ನ ಶಾಲೆಗೆ ಕಳಿಸಿದ್ದು ಇದನ್ನ ಕಲೀಲಿ ಅಂತಲ್ಲ.' ನನಗೆ ನನ್ನಪ್ಪನ ಮಾತು ಕೇಳಿದಂತಾಯಿತು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳನ್ನು ಕಟ್ಟಿದವರಿಗೆ ಈ ಕೆಲಸ ವಿದ್ಯೆಯಾಗಿ ಸಿಗಲಿಲ್ಲ, ಹಣೆಬರಹವಾಗಿ ಸಿಕ್ಕಿತು. ಅವರ ಮುಂದೆ ಕೈಕೆಲಸದ ಹಿರಿಮೆ ಹಾಡುವುದು ನನಗೆ ನಾಚಿಕೆ ತರುತ್ತದೆ.

ಆ ತಾಯಿಗೆ ನಾನು ಒಂದೇ ಪ್ರಶ್ನೆ ಕೇಳಿದೆ. 'ಅಮ್ಮಾ, ಇಷ್ಟು ವರ್ಷದಲ್ಲಿ ನಿಮ್ಮ ಕೈಗೆ ಕರಣೆ ಕೊಟ್ಟವರುಂಟೇ?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಹೆಂಗಸರಿಗೆ ಯಾರ್ ಕೊಡ್ತಾರೆ' ಎಂದರು. ನೀವೇ ನೋಡಿ. ಇಟ್ಟಿಗೆ ಹೊರುವವಳು ಹೆಂಗಸು, ನೀರು ಹೊಡೆಯುವವಳು ಹೆಂಗಸು, ಮರಳು ಜರಡಿ ಹಿಡಿಯುವವಳು ಹೆಂಗಸು. ಗುಂಡು ಬಿಡುವವನು ಗಂಡಸು. ಕೂಲಿಯ ಅಂತರ ಹುಟ್ಟುವುದು ಅಲ್ಲಿಂದಲೇ. ಜಾರ್ಖಂಡಿನಲ್ಲಿ ಹಳ್ಳಿಯ ಹೆಂಗಸರು ಗಾರೆ ಕೆಲಸ ಕಲಿತು ಶೌಚಾಲಯಗಳನ್ನು ಕಟ್ಟಿದರು. ಅಲ್ಲಿ ಅವರನ್ನು ರಾಣಿ ಮಿಸ್ತ್ರಿ ಎನ್ನುತ್ತಾರೆ. ಕರಣೆ ಕೈಗೆ ಬಂದರೆ ಹೆಸರೂ ಬದಲಾಗುತ್ತದೆ. ಆ ತಾಯಿಯ ಮಗಳೇ ನೈಲಾನ್ ಹುರಿಯ ಗುಟ್ಟು ಹಿಡಿದವಳು. ಅವಳು ಶನಿವಾರದ ತರಗತಿ ಬಿಡಲಿಲ್ಲ.

ಪೋಷಕರ ಇನ್ನೊಂದು ಹೆದರಿಕೆಗೂ ಉತ್ತರ ಹೇಳಬೇಕು. ಕಲಿಕೆಯ ಹೆಸರಿನಲ್ಲಿ ಮಕ್ಕಳಿಂದ ದುಡಿಸಿಕೊಂಡರೆ? ಗೆರೆ ಸ್ಪಷ್ಟವಾಗಿರಬೇಕು. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. 2016ರ ತಿದ್ದುಪಡಿ ಇದನ್ನು ಬಿಗಿ ಮಾಡಿದೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ನೋಂದಾಯಿಸಲೂ ಹದಿನೆಂಟು ಆಗಬೇಕು. ಹಾಗಾಗಿ ನಮ್ಮ ನಿಯಮ ಸರಳವಾಗಿತ್ತು. ಕಟ್ಟುವ ಕೆಲಸ ಶಾಲೆಯ ಅಂಗಳದ ಆಚೆ ಹೋಗುವಂತಿಲ್ಲ. ಗೋಡೆ ಎದೆಮಟ್ಟ ದಾಟುವಂತಿಲ್ಲ, ಏಣಿ ಇಲ್ಲ, ಸೆಂಟ್ರಿಂಗ್ ಇಲ್ಲ, ಆಳದ ಗುಂಡಿ ಇಲ್ಲ. ಸಿಮೆಂಟು ಮುಟ್ಟುವ ದಿನ ಕೈಗವಸು. ಒದ್ದೆ ಸಿಮೆಂಟು ಪ್ರಬಲ ಕ್ಷಾರ, ಚರ್ಮ ಸುಡುತ್ತದೆ. ಮತ್ತು ಮುಖ್ಯವಾಗಿ, ಶಾಲೆಗೆ ಬೇಕಾದ ಕಾಂಪೌಂಡನ್ನು ಮಕ್ಕಳಿಂದ ಪುಕ್ಕಟೆ ಕಟ್ಟಿಸುವಂತಿಲ್ಲ. ಹಾಗೆ ಮಾಡೋಣ ಎಂಬ ಸಲಹೆ ಬಂತು, ಬರದೆ ಇರಲಿಲ್ಲ. ಕಲಿಯುವ ಗೋಡೆಯನ್ನು ಬಿಚ್ಚಿಹಾಕುವುದರ ಇನ್ನೊಂದು ಲಾಭ ಇದು. ಅದರಿಂದ ಯಾರೂ ಗಿಟ್ಟಿಸಿಕೊಳ್ಳುವಂತಿಲ್ಲ.

ಇಷ್ಟು ಹೊತ್ತು ಶಾಲೆಯ ಅಂಗಳದಲ್ಲೇ ಇದ್ದೆವು. ಮುಂದಿನ ದಾರಿ ಕೇಳುವ ಮಕ್ಕಳಿಗೆ ಚುಟುಕಾಗಿ ಹೇಳುತ್ತೇನೆ. ಹತ್ತನೆಯ ತರಗತಿ ಮುಗಿಸಿದವರಿಗೆ ಐಟಿಐಯಲ್ಲಿ ಎರಡು ವರ್ಷದ ಸಿವಿಲ್ ಡ್ರಾಫ್ಟ್ಸ್‌ಮನ್ ತರಬೇತಿ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಇದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಹೋಗಬಹುದು. ಕರಣೆಯಿಂದ ಶುರುಮಾಡಿದವರಿಗೆ ಮೇಲಿನ ಬಾಗಿಲು ಮುಚ್ಚಿದೆ ಎಂಬುದು ಸುಳ್ಳು. ಮೆಟ್ಟಿಲು ಇದೆ, ಕಡಿದಾಗಿದೆ.

ಹೊಸ ಯೋಚನೆಗೂ ಇಲ್ಲಿ ಜಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಎಂಬ ಕೇಂದ್ರ ಆರಂಭಿಸಿದರು. ಕೆ.ಎಸ್. ಜಗದೀಶರಂಥವರು ಅಲ್ಲಿ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ, ನೀರು ಚಿಮುಕಿಸಿ ಬಲಪಡಿಸುವ ಇಟ್ಟಿಗೆ. ಸೌದೆ ಬೇಡ. ತಿರುವನಂತಪುರದಲ್ಲಿ ನೆಲೆಸಿದ್ದ ಲಾರಿ ಬೇಕರ್ ಇಟ್ಟಿಗೆಯನ್ನು ಮಲಗಿಸದೆ ಪಕ್ಕಕ್ಕೆ ನಿಲ್ಲಿಸಿ, ಗೋಡೆಯ ನಡುವೆ ಇಲಿಬೋನಿನಂಥ ಪೊಳ್ಳು ಬಿಟ್ಟು ಕಟ್ಟುವ ರೀತಿಯನ್ನು ಜನಪ್ರಿಯ ಮಾಡಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು ಇಟ್ಟಿಗೆ ಉಳಿಯುತ್ತದೆ. ನಮ್ಮ ಮಕ್ಕಳು ಅದನ್ನೂ ಕಟ್ಟಿ ನೋಡಿದರು. ಮೇಸ್ತ್ರಿ ಅಜ್ಜ ಸುತ್ತ ಎರಡು ಬಾರಿ ತಿರುಗಿದರು. 'ಒಳಗೆ ಖಾಲಿ ಬಿಟ್ಟು ಕಟ್ಟೋದು ನಮಗೆ ಬೈಗುಳ ಆಗಿತ್ತು' ಎಂದರು. ಆದರೂ ಗುಂಡು ಬಿಟ್ಟು ನೋಡಿದರು. ನೆಟ್ಟಗಿತ್ತು. ಮರುಮಾತಾಡದೆ ದಾರ ಸುತ್ತಿಕೊಂಡರು.

ಸಮಯ ಮುಗಿಯುತ್ತಾ ಬಂತೆಂದು ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಒಂದು ವಿಷಯ ಉಳಿದಿದೆ.

ವರ್ಷದ ಕೊನೆಗೆ ಮಕ್ಕಳು ಹಠ ಹಿಡಿದರು. ಒಂದನ್ನಾದರೂ ಬಿಚ್ಚದೆ ಉಳಿಸಬೇಕು. ಒಪ್ಪಿದೆವು. ಅಂಗಳದ ಬೇವಿನ ಮರದ ಸುತ್ತ ಚೌಕದ ಕಟ್ಟೆ. ಮೊಳಕಾಲೆತ್ತರ, ನಾಲ್ಕು ವರಸೆ, ಸಿಮೆಂಟು ಗಾರೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಹುರಿ ಹಿಡಿದರು, ಪೈಪು ಹಿಡಿದರು, ಹತ್ತು ದಿನ ಸರದಿಯಂತೆ ನೀರು ಹೊಡೆದರು. ಎಲ್ಲ ಮುಗಿದ ಮೇಲೆ ಅಳೆದರೆ ಒಂದು ಬದಿಯಲ್ಲಿ ಮೂರನೆಯ ವರಸೆ ಒಂದು ಕಡೆ ಬೆರಳಿನಷ್ಟು ತಗ್ಗಿದೆ. ಆ ದಿನ ಪೈಪಿನಲ್ಲಿ ಗುಳ್ಳೆ ಉಳಿದಿತ್ತಂತೆ. ಪ್ಲಾಸ್ಟರ್ ಮಾಡಿ ಮುಚ್ಚೋಣ ಎಂದರು ಕೆಲವರು. ಬೇಡ ಎಂದರು ಕೆಲವರು. ಕೈ ಎತ್ತಿಸಿದೆವು. ಬೇಡ ಎಂದವರು ಮೂರು ಮಂದಿ ಹೆಚ್ಚು.

ಕಟ್ಟೆ ಹಾಗೇ ಇದೆ. ಪ್ರತಿ ಜೂನ್‌ನಲ್ಲಿ ಒಂಬತ್ತನೆಯ ತರಗತಿಗೆ ಬಂದ ಹೊಸಬರ ಕೈಗೆ ನೀರಿನ ಪೈಪು ಕೊಟ್ಟು, ಈ ಕಟ್ಟೆಯ ತಪ್ಪು ಎಲ್ಲಿದೆ ಹುಡುಕಿ ಎನ್ನುತ್ತಾರೆ. ಇದುವರೆಗೆ ಎಲ್ಲರಿಗಿಂತ ಬೇಗ ಹುಡುಕಿದ ತಂಡಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಅವರಲ್ಲಿ ಒಬ್ಬಳು ಮೊದಲು ಪೈಪು ತಟ್ಟಿ ಗುಳ್ಳೆ ತೆಗೆದಳಂತೆ.